ಮಾತಿನ ಲೆಕ್ಕಗಳಲ್ಲಿ ಅರ್ಥಗ್ರಹಣ

ಕೂಡುವ, ಕಳೆಯುವ ಕ್ರಿಯೆಗಳನ್ನು ತಪ್ಪಿಲ್ಲದೆ ಮಾಡಬಲ್ಲ ವಿದ್ಯಾರ್ಥಿಯೂ ಮಾತಿನ ಲೆಕ್ಕದ ಮುಂದೆ ತಡವರಿಸುವುದುಂಟು. ಅಲ್ಲಿ ಕೊರತೆಯಿರುವುದು ಗಣನೆಯಲ್ಲಲ್ಲ. ರಾಶಿಗಳ ನಡುವೆ ವಾಕ್ಯವು ಹೇಳುವ ಸಂಬಂಧವನ್ನು ಗ್ರಹಿಸುವುದರಲ್ಲಿ. ಕಾಫಿಯೂ ಕರಿಮೆಣಸೂ ಒಟ್ಟಿಗೆ ಬೆಳೆಯುವ ಕೊಡಗಿನ ಪಾಲಿಬೆಟ್ಟದ ಪರಿಸರಕ್ಕೆ ಒಪ್ಪುವ ಎರಡು ಲೆಕ್ಕಗಳಿಂದ ಇದನ್ನು ಪರಿಶೀಲಿಸಬಹುದು.

ಮೊದಲನೆಯದು: ‘ಮೇಲಿನ ತೋಟದಲ್ಲಿ 120 ಚೀಲ ಕಾಫಿಹಣ್ಣು ಕೊಯ್ದರು. ಇದು ಕೆಳಗಿನ ತೋಟಕ್ಕಿಂತ 30 ಚೀಲ ಹೆಚ್ಚು. ಎರಡೂ ಸೇರಿ ಎಷ್ಟು?’ ‘ಹೆಚ್ಚು’ ಎಂಬ ಪದವನ್ನು ಕಂಡೊಡನೆ 120ಕ್ಕೆ 30 ಕೂಡಿಸಿ, ಕೆಳಗಿನ ತೋಟದ ಫಸಲು 150 ಎನ್ನುವವರುಂಟು. ಹೆಚ್ಚೆಂದರೆ ಕೂಡು, ಕಡಿಮೆಯೆಂದರೆ ಕಳೆ ಎಂದು ಬಾಯಿಪಾಠ ಮಾಡಿಸಿದುದರ ಫಲವಿದು. ಇಲ್ಲಿ ಅರ್ಥದ ಕೀಲಿರುವುದು ‘ತೋಟಕ್ಕಿಂತ’ ಎಂಬ ರೂಪದಲ್ಲಿ. ಆ ರೂಪ ಪಡೆದ ಪದವೇ ಹೋಲಿಕೆಯ ಅಳತೆಗೋಲು, ಹೆಚ್ಚಾದುದು ಮತ್ತೊಂದು. ಆದುದರಿಂದ ಕೆಳಗಿನದು 90, ಒಟ್ಟು 210. ಕೊಡವ, ಮಲೆಯಾಳ, ತಮಿಳು ಮನೆಮಾತಿನವರು ಕೂಡಿ ಕಲಿಯುವ ತರಗತಿಯಲ್ಲಂತೂ, ಇದನ್ನು ‘ಕೆಳಗಿನದು ಮೇಲಿನದಕ್ಕಿಂತ 30 ಕಡಿಮೆ’ ಎಂದು ತಿರುಗಿಸಿ ಹೇಳಿಸಿದ ಬಳಿಕವೇ ಲೆಕ್ಕಕ್ಕೆ ತೊಡಗುವುದು ಲೇಸು.

ಎರಡನೆಯದು: ‘90 ಕಿಲೋಗ್ರಾಂ ಹಸಿ ಕರಿಮೆಣಸಿನಲ್ಲಿ ಶೇಕಡಾ 70ರಷ್ಟು ನೀರಿದೆ. ಅದು ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಿದರೆ ತೂಕವೆಷ್ಟು?’ 70ರಲ್ಲಿ 10 ಕಳೆದು, 90ರ ಶೇಕಡಾ 60 ಆರಿಹೋಯಿತೆಂದೆಣಿಸಿ, 36 ಎಂದು ಉತ್ತರಿಸುವುದು ಸಹಜವಾದ ತಪ್ಪು. ಆದರೆ ಮೊದಲ ಶೇಕಡಾವಾರು ಹಸಿಯ ತೂಕಕ್ಕೂ ಎರಡನೆಯದು ಒಣಗಿದ ತೂಕಕ್ಕೂ ಸಂಬಂಧಿಸಿದುದು. ಅವನ್ನು ಪರಸ್ಪರ ಕಳೆಯುವಂತಿಲ್ಲ. ‘ಬದಲಾಗದೆ ಉಳಿಯುವುದು ಯಾವುದು?’ ಎಂದು ಕೇಳಬೇಕು. ಅದು 27 ಕಿಲೋಗ್ರಾಂ ಘನಾಂಶ. ಒಣಗಿದ ಮೇಲೆ ಇದೇ ತೂಕದ ಶೇಕಡಾ 90 ಆಗುವುದರಿಂದ ಉತ್ತರ 30. ತಾಳೆ ನೋಡಿದರೆ 30ರಲ್ಲಿ ನೀರು 3, ಸರಿಯಾಗಿದೆ. 36ರಲ್ಲಾದರೋ ನೀರು 9, ಎಂದರೆ ಶೇಕಡಾ 25.

ಬಾಳಿನ ವ್ಯವಹಾರವನ್ನು ಲೆಕ್ಕವಾಗಿಸುವ ಪದ್ಧತಿ ನಮಗೆ ಹೊಸದಲ್ಲ. 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿಯೂ, 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದ ‘ವ್ಯವಹಾರಗಣಿತ’ದಲ್ಲಿಯೂ ಇದನ್ನೇ ಮಾಡಿದರು. 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜಾರ್ಜ್ ಪೋಲ್ಯ ಅವರು ಹೇಳಿದ ನಾಲ್ಕು ಹಂತಗಳಲ್ಲಿ ಸಮಸ್ಯೆಯನ್ನು ಅರಿಯುವುದೇ ಮೊದಲನೆಯದು. ಉಪಾಯ, ಆಚರಣೆ, ಪುನರವಲೋಕನಗಳು ಅನಂತರದವು.

ಆದುದರಿಂದ ಗಣನೆಗೆ ಮುನ್ನ ಸಂಬಂಧವನ್ನು ಸ್ವಂತ ಮಾತಿನ ಒಂದು ವಾಕ್ಯದಲ್ಲಿ ಬರೆಯಿಸಿ, ಅದಕ್ಕೆ ಪ್ರತ್ಯೇಕವಾಗಿ ಅಂಕ ಕೊಡುವುದು ಉಚಿತ. ಹಾಗೆ ಮಾಡಿದರೆ ವಿದ್ಯಾರ್ಥಿ ಎಡವಿದುದು ಮಾತಿನಲ್ಲೋ ಗಣಿತದಲ್ಲೋ ಎಂಬುದು ತಿಳಿಯುತ್ತದೆ. ಇಲ್ಲವಾದರೆ ವಾಕ್ಯದಲ್ಲಿ ತೊಡಕಿದವನನ್ನು ಗಣಿತದಲ್ಲಿ ಮಂದನೆಂದು ತೀರ್ಮಾನಿಸುವ ಅನ್ಯಾಯ ನಡೆದುಹೋಗುತ್ತದೆ.