ಸಾರ್ಟೆಕ್ಸ್ ಹಿಂದಿನ ಭೌತಶಾಸ್ತ್ರ

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಕಾಳು ವಿಂಗಡಿಸುವ ಸಾರ್ಟೆಕ್ಸ್ ಯಂತ್ರ ಅಂದರೆ ಹಮಾಲರಿಗೂ ಗೊತ್ತು. ಜಾರಿ ಬೀಳುವ ಸೋನಾ ಮಸೂರಿಯ ಮೇಲೆ ಬೆಳಕು ಬಿಡುತ್ತಾರೆ. ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾ ಹಿಡಿಯುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ ಗಾಳಿ ಅದನ್ನು ಆಚೆ ಚಿಮ್ಮಿಸುತ್ತದೆ. ಬಿ.ಎಸ್ಸಿ.ಯ ಬೆಳಕಿನ ಪಾಠ, ಅರೆವಾಹಕದ ಪಾಠ ಎರಡೂ ಒಂದೇ ಪೆಟ್ಟಿಗೆಯೊಳಗಿವೆ. ಆದರೂ ಇಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವರಿಗೆ ಮನೆಯವರು ಕೇಳುವುದು: ಬಿ.ಎಡ್. ಯಾವಾಗ?

ಮೇಷ್ಟ್ರಾಗುವುದು ಒಳ್ಳೆಯದೇ. ಅದೊಂದೇ ದಾರಿ ಅಂದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು. ಅದನ್ನಳೆಯುವ ಹಲವು ಮೀಟರುಗಳ ಹೊಟ್ಟೆಯಲ್ಲಿರುವುದು ಕೆಪಾಸಿಟರ್. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಕಾಳಿನದು ಅದರ ಸಣ್ಣದೊಂದು ಪಾಲು. ಹಾಗಾಗಿ ಹಸಿ ಭತ್ತ ಸುರಿದ ಕೂಡಲೇ ಅಂಕಿ ಏರುತ್ತದೆ. ಕಾಳು ಬಿಸಿಯಿದ್ದರೂ ಅಂಕಿ ಅತ್ತಿತ್ತ ಆಗುತ್ತದೆ. ನಮ್ಮ ಬಿಸಿಲಿಗೆ ಅದನ್ನು ತಿದ್ದಿಕೊಡುವುದು ಅನ್ವಯಿಕ ಭೌತಶಾಸ್ತ್ರದ ಕೆಲಸ, ಅದರ ಮೇಲೆ ರೈತನ ದುಡ್ಡು ನಿಂತಿದೆ.

ಗಿರಣಿಯಷ್ಟೇ ಅಲ್ಲ, ಗಣಿಯಲ್ಲೂ ಭೌತಶಾಸ್ತ್ರಕ್ಕೆ ಕೆಲಸವಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಕಂಪನಿ ಶುರುವಾಗಿದ್ದು 1947ರಲ್ಲಿ. ಟನ್ ಅದಿರಿಗೆ ಸಿಗುವ ಚಿನ್ನ ಗ್ರಾಂ ಲೆಕ್ಕದ್ದು. ಇಷ್ಟು ಕಡಿಮೆ ಚಿನ್ನವನ್ನು ಅಳೆಯುವ ಒಂದು ವಿಧಾನ ಪರಮಾಣು ಹೀರಿಕೆಯ ರೋಹಿತಮಾಪನ: ಚಿನ್ನದ ಪರಮಾಣು 242.8 ನ್ಯಾನೊಮೀಟರ್ ಬೆಳಕನ್ನು ನುಂಗುತ್ತದೆ. ಆಳದ ಗಣಿಗಳಲ್ಲಿ ಬಂಡೆ ಒತ್ತಡಕ್ಕೆ ಬಿರಿಯುವ ಸದ್ದನ್ನು ಜಿಯೊಫೋನುಗಳಿಂದ ಆಲಿಸುವುದೂ ಭೌತವಿಜ್ಞಾನಿಗಳ ಕೆಲಸವೇ.

ಓದುವ ದಾರಿ? ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗವಿದೆ. ಐಐಟಿಗಳ ಎಂ.ಎಸ್ಸಿ.ಗೆ ‘ಜಾಮ್’ ಪರೀಕ್ಷೆ. ಎಂ.ಎಸ್ಸಿ. ಆದವರು ‘ಗೇಟ್’ ಬರೆದು ದೆಹಲಿ ಐಐಟಿಯ ಅನ್ವಯಿಕ ದ್ಯುತಿವಿಜ್ಞಾನದ ಎಂ.ಟೆಕ್.ಗೆ ಹೋಗಬಹುದು. ಈ ಪರೀಕ್ಷೆಗಳಲ್ಲಿ ನಮ್ಮ ಭಾಗಕ್ಕಿರುವ 371-ಜೆ ಮೀಸಲಾತಿ ಕೈಹಿಡಿಯುವುದಿಲ್ಲ, ಗಣಿತ ಗಟ್ಟಿಯಿರಬೇಕು.

ಉದ್ಯಮಕ್ಕೆ ಹೋಗುವವರು ಯಾವುದಾದರೊಂದು ಉಪಕರಣ ಬಿಚ್ಚಿ, ಜೋಡಿಸಿ, ಅದರ ತಪ್ಪೆಷ್ಟು ಅಂತ ಅಳೆದಿರಬೇಕು. ನಮ್ಮ ಕಾಲೇಜುಗಳ ಪ್ರಾಜೆಕ್ಟ್ ಇನ್ನೂ ಹಳೆಯ ರೆಕಾರ್ಡ್ ಪುಸ್ತಕದ ನಕಲಾಗಿರುವುದೇ ಹೆಚ್ಚು. ಒಂದು ತೇವಾಂಶ ಮೀಟರ್, ಒಂದು ಓವನ್, ಒಂದು ತಕ್ಕಡಿ ಇದ್ದರೆ ಸಾಕು: ಕಾಳನ್ನು ಒಣಗಿಸಿ ತೂಗಿ ನಿಜವಾದ ತೇವಾಂಶ ತೆಗೆದು, ಮೀಟರ್ ಹೇಳಿದ್ದರ ಜೊತೆ ಹೋಲಿಸಬಹುದು. ಹಂಗಾಮಿನಲ್ಲಿ ಗಿರಣಿಗೊಂದು ಪತ್ರ ಕೊಟ್ಟು ವಿದ್ಯಾರ್ಥಿಯನ್ನು ಕಳಿಸುವ ಕೆಲಸವಷ್ಟೇ ವಿಭಾಗದ ಮುಖ್ಯಸ್ಥರದು.