ಲಿಪಿಕಾರನ ರಸ್ತೆಯಲ್ಲಿ ಇಂಗ್ಲಿಷ್ ಲೇಖಕ

ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಮಾಶ್ಟೋತ್ಸ್ ಅನ್ನೋ ದೊಡ್ಡ ರಸ್ತೆಯಿದೆ. 5ನೇ ಶತಮಾನದ ಆರಂಭದಲ್ಲಿ ಆರ್ಮೇನಿಯನ್ ಭಾಷೆಗೆ 36 ಅಕ್ಷರಗಳ ಲಿಪಿ ರೂಪಿಸಿದ ಮೆಸ್ರೋಪ್ ಮಾಶ್ಟೋತ್ಸ್ ಅವರ ಹೆಸರು ಅದು. ಇದೇ ರಸ್ತೆಯಲ್ಲಿ 2008ರಲ್ಲಿ ಲೇಖಕ ವಿಲಿಯಂ ಸರೋಯನ್ ಅವರ ಪ್ರತಿಮೆ ನಿಲ್ಲಿಸಿದರು. ಅದು ಅವರ ಜನ್ಮಶತಮಾನೋತ್ಸವದ ವರ್ಷ. ವಿಚಿತ್ರ ಏನು ಗೊತ್ತಾ? ಸರೋಯನ್ ಹುಟ್ಟಿದ್ದು ಅಮೆರಿಕದಲ್ಲಿ, ಹೆಸರು ಮಾಡಿದ್ದು ಇಂಗ್ಲಿಷಿನಲ್ಲಿ ಬರೆದು!

ಹಾಗಾದ್ರೆ ಲಿಪಿಕಾರನ ರಸ್ತೆಯಲ್ಲಿ ಅವರಿಗೇಕೆ ಜಾಗ?

ಸರೋಯನ್ ಅವರ ತಂದೆ ತಾಯಿ ಬಿಟ್ಲಿಸ್ ಊರಿನವರು. ಆಗ ಅದು ಆಟೋಮನ್ ಸಾಮ್ರಾಜ್ಯದಲ್ಲಿತ್ತು, ಈಗ ಟರ್ಕಿಯಲ್ಲಿದೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದ ಈ ಕುಟುಂಬದಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ 1908ರಲ್ಲಿ ವಿಲಿಯಂ ಹುಟ್ಟಿದರು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಅಣ್ಣ, ಅಕ್ಕಂದಿರ ಜೊತೆ ಕೆಲವು ವರ್ಷ ಅನಾಥಾಲಯದಲ್ಲಿ ಕಳೆಯಬೇಕಾಯ್ತು. ಆಮೇಲೆ ತಾಯಿಯ ಹತ್ತಿರ ವಾಪಸ್ ಬಂದು, ಟೆಲಿಗ್ರಾಂ ಹಂಚುವ ಹುಡುಗನಾಗಿ ದುಡಿದರು. ಶಾಲೆಯನ್ನು ಪೂರ್ತಿ ಮಾಡಲೇ ಇಲ್ಲ.

1915ರ ನರಮೇಧದಲ್ಲಿ ಬಿಟ್ಲಿಸ್‌ನ ಆರ್ಮೇನಿಯನ್ ಬದುಕು ನಾಶವಾಯಿತು. ವಾಪಸ್ ಹೋಗೋಕೆ ಊರೇ ಉಳಿಯಲಿಲ್ಲ. ಆದರೆ ಆ ಜನರ ಮಾತು, ಜಗಳ, ನಗು ಎಲ್ಲ ಫ್ರೆಸ್ನೋದ ಮನೆಗಳಲ್ಲಿ ಇನ್ನೂ ಇತ್ತು. ಸರೋಯನ್ ಬರೆದದ್ದು ಅದನ್ನೇ. 1940ರಲ್ಲಿ ಬಂದ ಅವರ 'ಮೈ ನೇಮ್ ಈಸ್ ಅರಾಮ್' ಕಥೆಗಳ ನಾಯಕ ಫ್ರೆಸ್ನೋದ ಒಬ್ಬ ಆರ್ಮೇನಿಯನ್ ಹುಡುಗ. ಟೆಲಿಗ್ರಾಂ ಕೆಲಸದ ಅನುಭವ 'ದಿ ಹ್ಯೂಮನ್ ಕಾಮಿಡಿ'ಯಲ್ಲಿ ಬಂತು. ಆ ಸಿನಿಮಾದ ಕಥೆಗೆ ಅವರಿಗೆ ಆಸ್ಕರ್ ಸಿಕ್ಕಿತು. 1940ರಲ್ಲಿ ನಾಟಕಕ್ಕೆ ಪುಲಿಟ್ಜರ್ ಕೊಟ್ಟಾಗ ಮಾತ್ರ, ಕಲೆಗೆ ಬೆಲೆ ಕಟ್ಟುವುದು ವ್ಯಾಪಾರದ ಕೆಲಸವಲ್ಲ ಅಂತ ಬೇಡವೆಂದರು.

ಸೋವಿಯತ್ ಕಾಲದಲ್ಲೂ ಅವರು ಆರ್ಮೇನಿಯಾಕ್ಕೆ ಹಲವು ಸಲ ಹೋಗಿ ಬಂದರು. 1981ರಲ್ಲಿ ತೀರಿಕೊಂಡ ಮೇಲೆ ಚಿತಾಭಸ್ಮದ ಒಂದು ಭಾಗ ಫ್ರೆಸ್ನೋದಲ್ಲಿ ಉಳಿಯಿತು, ಇನ್ನೊಂದು ಯೆರೆವಾನ್ ಸೇರಿತು.

ಅಂದರೆ ಆ ನಗರ ಅವರು ಯಾವ ಭಾಷೆಯಲ್ಲಿ ಬರೆದರು ಅಂತಷ್ಟೇ ನೋಡಲಿಲ್ಲ, ಯಾರ ಬದುಕನ್ನು ಬರೆದರು ಅಂತಲೂ ನೋಡಿತು. ಲ್ಯಾಬ್ ರೆಕಾರ್ಡಿನಿಂದ ವೈವಾವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಮಾಡುವ ನಮಗೆ ಇದು ಸಮಾಧಾನವೂ ಹೌದು, ಪ್ರಶ್ನೆಯೂ ಹೌದು. ನಮ್ಮ ಅಜ್ಜಿಯ ಮಾತು, ನಮ್ಮೂರಿನ ಸಂತೆ, ಬಸ್‌ಸ್ಟ್ಯಾಂಡಿನ ಜಗಳ ಇವನ್ನೆಲ್ಲ ನಾವಲ್ಲದೆ ಇನ್ಯಾರು ಬರೀತಾರೆ? ಸರೋಯನ್‌ಗೆ ಇಲ್ಲದಿದ್ದ ಒಂದು ಅನುಕೂಲ ನಮಗಿದೆ: ವಾಪಸ್ ಹೋಗೋಕೆ ಊರು ಇನ್ನೂ ಇದೆ. ಈ ರಜೆಗೆ ಹೋದಾಗ ಒಂದು ಪುಟ ಬರೆದು ತನ್ನಿ. ಓದೋಕೆ ನಾವಿದ್ದೀವಿ.