ಸಂಜೆಯ ನಂತರ ಚಹಾ ಬದಲು ಕಷಾಯ
ಶಿರಸಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳಲ್ಲಿ ಪರಿಮಳದ ಪೇಯವೆಂದರೆ ಕಷಾಯ. ಎಕ್ಕಂಬಿಯ ಸುತ್ತಲಿನ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ, ಇಳಿಸಿದ ಮೇಲೆ ಬಿಸಿ ಹಾಲು ಬೆರೆಸುತ್ತಾರೆ. ಬೆಲ್ಲದೊಡನೆ ಕುದಿಸಿದರೆ ಹಾಲು ಒಡೆಯುವ ಸಂಭವವಿದೆ. ಚಹಾ ಎಲೆ ಇಲ್ಲದ ಕಾರಣ ಇದರಲ್ಲಿ ಕೆಫೀನ್ ಇಲ್ಲ. ರಾತ್ರಿಯ ನಿದ್ದೆಗೆ ಅಡ್ಡಿಯಿಲ್ಲ.

ಚಹಾ ಬಿಡಲಾಗದವರಿಗೂ ಕ್ರಮವಿದೆ. ಶುಂಠಿಯನ್ನು ನೀರಿನೊಂದಿಗೇ ಕುದಿಸಬೇಕು. ಏಲಕ್ಕಿಯ ಪರಿಮಳ ಬೇಗ ಆವಿಯಾಗುವುದರಿಂದ ಅದನ್ನು ಇಳಿಸುವ ಮುನ್ನ ಹಾಕಬೇಕು. ಕರಿದ ತಿಂಡಿಗೆ ಶುಂಠಿ ಚಹಾ, ಸಿಹಿಯಾದ ತೊಡೆದೇವಿಗೆ ಸಕ್ಕರೆಯಿಲ್ಲದ ಏಲಕ್ಕಿ ಚಹಾ ಹೊಂದುತ್ತದೆ. ಊಟದ ಜತೆಗೆ ಮಾತ್ರ ಚಹಾ ಸಲ್ಲದು; ಅದು ಆಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ರಕ್ತಹೀನತೆ ಇರುವವರು ಊಟವಾಗಿ ಒಂದು ತಾಸಾದರೂ ಕಾಯುವುದು ಒಳಿತು.